ಗಿಟಾರು ಮಾರುವ ವಯಸ್ಸು

ನಮ್ಮ ಮನೆಯ ಒಳಕೋಣೆಯ ಗೋಡೆಯಲ್ಲಿ ಐದು ಮೊಳೆಗಳಿವೆ. ಕಳೆದ ಪಾಸ್ಖ ಹಬ್ಬದವರೆಗೆ ಐದರಲ್ಲೂ ಒಂದೊಂದು ಎಲೆಕ್ಟ್ರಿಕ್ ಗಿಟಾರು ತೂಗುತ್ತಿತ್ತು. ಈಗ ಎರಡೇ ಉಳಿದಿವೆ. ಭಾನುವಾರ ಕನ್ನಡ ಪೂಜೆ ಮುಗಿದು ಹೊರಗೆ ನಿಂತಾಗ ಒಬ್ಬರು, "ಏನ್ ಸಾರ್, ಎಲ್ಲಾ ಮಾರ್ತಾ ಇದ್ದೀರಂತೆ, ಮನೇಲಿ ಏನಾದ್ರೂ ಕಷ್ಟಾನಾ?" ಎಂದು ಕೇಳಿದರು. ಕಷ್ಟ ಏನೂ ಇಲ್ಲ. ಆದರೆ ಆ ಪ್ರಶ್ನೆಗೆ ಮೆಟ್ಟಿಲ ಮೇಲೆ ನಿಂತು ಉತ್ತರ ಹೇಳಲು ನನಗೆ ಆಗಲಿಲ್ಲ. ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸ್ವಾಮಿಗಳು ಹೇಳುತ್ತಲೇ ಇದ್ದರು. ಇದನ್ನೇ ಬರೆಯುತ್ತೇನೆ.

ನನಗೀಗ ಅರವತ್ತೊಂಬತ್ತು. ಮೊದಲನೆಯ ಗಿಟಾರು ಕೊಲ್ಕತ್ತದಲ್ಲಿ ತಯಾರಾದ ಗಿವ್ಸನ್. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊಟದ ಖರ್ಚು ಉಳಿಸಿ ಕೊಂಡದ್ದು. ಆಗ ಪರದೇಶದ ಗಿಟಾರು ಎಂದರೆ ಅದರ ಮೇಲಿನ ಸುಂಕ ಕೇಳಿಯೇ ಆಸೆ ಬತ್ತಿಹೋಗುತ್ತಿತ್ತು. ಆಮೇಲೆ ಒಂದು ಹಾಬ್ನರ್ ಬಂತು. ಕುವೈತಿನಿಂದ ಭಾವಮೈದುನ ಒಂದು ಯಮಹಾ ತಂದುಕೊಟ್ಟ. ಹೆಸರು ಅಳಿಸಿಹೋದ ಒಂದು ಜಪಾನಿ ಗಿಟಾರನ್ನು ಬೆಂಗಳೂರಿನಲ್ಲಿ ಆರ್ಕೆಸ್ಟ್ರಾ ಬಿಟ್ಟವರೊಬ್ಬರು ಮಾರಿದರು. ಕೊನೆಯದು ನಿವೃತ್ತಿಯ ಹಣದಲ್ಲಿ ಕೊಂಡ ಮೆಕ್ಸಿಕೋದ ಫೆಂಡರ್. ಆ ಹಣದಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಬೇಕಿತ್ತು ಎಂಬ ವಿಷಯ ನಮ್ಮ ಮನೆಯಲ್ಲಿ ಇಂದಿಗೂ ಆಗಾಗ ಎದ್ದುಬರುತ್ತದೆ.

ಮಾರುವ ಯೋಚನೆ ಭುಜದಿಂದ ಶುರುವಾಯಿತು. ನೋಡಲು ತೆಳ್ಳಗಿದ್ದರೂ ಎಲೆಕ್ಟ್ರಿಕ್ ಗಿಟಾರು ಒಳಗೆ ಟೊಳ್ಳಿಲ್ಲದ ಗಟ್ಟಿ ಮರ, ಮೂರೂವರೆ ನಾಲ್ಕು ಕಿಲೋ ತೂಗುತ್ತದೆ. ಒಂದು ಪೂಜೆಯ ಹೊತ್ತು ಹೆಗಲಿಗೆ ಹಾಕಿಕೊಂಡು ನಿಂತರೆ ರಾತ್ರಿಯೆಲ್ಲ ಕತ್ತು ಹಿಡಿಯುತ್ತಿತ್ತು. ಬೆರಳಿನ ಗಂಟುಗಳೂ ಹೇಳಿದ ಮಾತು ಕೇಳುವುದಿಲ್ಲ. ನುಡಿಸದ ಗಿಟಾರು ಸುಮ್ಮನೆ ಇರುವುದೂ ಇಲ್ಲ. ತಂತಿ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಕತ್ತಿನ ಮರ ಬಾಗುತ್ತದೆ, ಶಬ್ದ ಹೆಚ್ಚುಕಡಿಮೆ ಮಾಡುವ ಗುಂಡಿಯೊಳಗೆ ಧೂಳು ಸೇರಿ ತಿರುಗಿಸಿದರೆ ಕರಕರ ಎನ್ನುತ್ತದೆ. ಮಗ ಫೋನಿನಲ್ಲಿ, "ಅಪ್ಪಾ, ನಾಳೆ ನಾವು ಇವನ್ನೆಲ್ಲ ಏನು ಮಾಡೋದು?" ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ 'ನಾಳೆ' ಎಂದರೆ ಯಾವತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಹೀಗೆ ಮುಪ್ಪಿನಲ್ಲಿ ಗಿಟಾರು ಮಾರಿದವರು ನನಗಿಂತ ಬಹಳ ದೊಡ್ಡವರಿದ್ದಾರೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 2019ರ ಜೂನ್‌ನಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳನ್ನು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಿದರು. ಅವರು 1970ರಲ್ಲಿ ಅದೇ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡಿದ್ದ ಕಪ್ಪು ಸ್ಟ್ರಾಟೋಕಾಸ್ಟರ್ ಒಂದಕ್ಕೇ 39 ಲಕ್ಷ 75 ಸಾವಿರ ಡಾಲರ್ ಬಂತು. ಒಟ್ಟು ಸುಮಾರು 2 ಕೋಟಿ 15 ಲಕ್ಷ ಡಾಲರ್. ಅದೆಲ್ಲವನ್ನೂ ಪರಿಸರಕ್ಕಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ಕ್ಲೈಂಟ್‌ಅರ್ತ್ ಎಂಬ ಸಂಸ್ಥೆಗೆ ಕೊಟ್ಟುಬಿಟ್ಟರು. ಎರಿಕ್ ಕ್ಲಾಪ್ಟನ್ 1999ರಲ್ಲಿ ನೂರು ಗಿಟಾರು ಮಾರಿ, ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸಲು ಆಂಟಿಗುವ ದ್ವೀಪದಲ್ಲಿ ತಾವೇ ಕಟ್ಟಿದ ಕೇಂದ್ರಕ್ಕೆ ಆ ಹಣ ಹಾಕಿದರು. 2004ರಲ್ಲಿ ಮತ್ತೆ ಮಾರಿದರು. ಮಾರ್ಕ್ ನಾಫ್ಲರ್ 2024ರ ಜನವರಿಯಲ್ಲಿ ಲಂಡನ್ನಿನಲ್ಲಿ ಮಾರಿದಾಗ 88 ಲಕ್ಷ ಪೌಂಡ್ ದಾಟಿತು. ಅವರು ನಾಲ್ಕರಲ್ಲಿ ಒಂದು ಪಾಲು ದಾನಕ್ಕೆ, ಉಳಿದದ್ದು ತಮಗೆ ಎಂದು ಮೊದಲೇ ಹೇಳಿದ್ದರು.

ಇವುಗಳಲ್ಲಿ ಯಾವುದನ್ನು ತ್ಯಾಗ ಎನ್ನೋಣ, ಯಾವುದನ್ನು ವ್ಯಾಪಾರ ಎನ್ನೋಣ? ಗಿಲ್ಮೋರ್ ಪೂರ್ತಿ ಕೊಟ್ಟರು, ಆದ್ದರಿಂದ ಅವರು ಮೇಲು. ನಾಫ್ಲರ್ ಕಾಲು ಭಾಗ ಕೊಟ್ಟರು, ಆದ್ದರಿಂದ ಅವರು ಕೆಳಗೆ ಎಂದು ಅಂಕ ಹಾಕಲು ನನಗೆ ಮನಸ್ಸು ಬಾರದು. ತನ್ನ ದುಡಿಮೆಯ ಹತಾರವನ್ನು ಮಾರಿ ದುಡ್ಡು ಇಟ್ಟುಕೊಂಡರೆ ಅದು ಪಾಪವಲ್ಲ. ಬಡಗಿಯೊಬ್ಬ ಮುಪ್ಪಿನಲ್ಲಿ ಉಳಿ, ಬಾಚಿ ಮಾರಿದರೆ ನಾವು ಲೆಕ್ಕ ಕೇಳುತ್ತೇವೆಯೇ? ಎಷ್ಟು ಕೊಟ್ಟರು ಎಂಬುದಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ ಬೇರೆ.

ಕನ್ನಡದಲ್ಲಿ 'ಬಿಡುವುದು' ಎಂಬ ಮಾತಿದೆ, 'ಬಿಟ್ಟುಹೋಗುವುದು' ಎಂಬ ಮಾತೂ ಇದೆ. ಸತ್ತವನು ಬಿಟ್ಟುಹೋಗುತ್ತಾನೆ. ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ, ಜಿಪುಣನೂ ಎಲ್ಲವನ್ನೂ ಬಿಟ್ಟೇ ಹೋಗುತ್ತಾನೆ. ಜೆಫ್ ಬೆಕ್ 2023ರ ಜನವರಿಯಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಅವರ ಗಿಟಾರುಗಳನ್ನು ಹರಾಜಿಗೆ ಕಳುಹಿಸಿದ್ದು ಅವರ ಹೆಂಡತಿ. ಗಂಡನ ಕೈಗುರುತು ಇದ್ದ ಒಂದೊಂದನ್ನೂ ಆ ತಾಯಿ ಪೆಟ್ಟಿಗೆಯಿಂದ ಎತ್ತಿಕೊಡುವಾಗ ಏನನ್ನಿಸಿತೋ. ಬದುಕಿರುವಾಗಲೇ, ಇನ್ನೂ ನಾಲ್ಕು ಸ್ವರ ನುಡಿಸಬಲ್ಲ ಕೈಯಿಂದ ಕೊಡುವುದು ಮಾತ್ರ 'ಬಿಡುವುದು'. ಗಿಲ್ಮೋರ್, ಕ್ಲಾಪ್ಟನ್, ನಾಫ್ಲರ್ ಮೂವರೂ ಇದನ್ನು ಮಾಡಿದರು. ಅಷ್ಟರ ಮಟ್ಟಿಗೆ ಅವರ ಮೇಲೆ ನನಗೆ ಗೌರವ.

ಆದರೆ ಬಿಡುವುದರಲ್ಲೂ ಒಂದು ತೊಡಕಿದೆ. ಆ ಕಪ್ಪು ಗಿಟಾರಿನ ಮರಕ್ಕೂ ತಂತಿಗೂ ನಾಲ್ಕು ದಶಲಕ್ಷ ಡಾಲರ್ ಬೆಲೆಯಿಲ್ಲ. ಅಂಥದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಬಹುದು. ಹಾಗಾದರೆ ಹರಾಜಿನಲ್ಲಿ ಮಾರಿದ್ದೇನು? ಮಾರಿದ್ದು ಕೊಳ್ಳುವವನ ಮೋಹ. ನನ್ನ ಮೋಹವನ್ನು ನಾನು ಕಳಚಿಕೊಳ್ಳುತ್ತೇನೆ, ಆದರೆ ಅದು ಇನ್ನೊಬ್ಬನ ಮೋಹಕ್ಕೆ ಬೆಲೆ ಕಟ್ಟುವುದರ ಮೂಲಕ. ಒಬ್ಬನ ಹೆಗಲಿನ ಹೊರೆ ಇನ್ನೊಬ್ಬನ ಹೆಗಲಿಗೆ ಹೋಯಿತು, ನಡುವೆ ಹಣ ಹುಟ್ಟಿತು, ಆ ಹಣ ಪುಣ್ಯಕ್ಕೆ ಹೋಯಿತು. ಇದು ತಪ್ಪು ಎನ್ನಲಾರೆ. ಆದರೆ ಪೂರ್ತಿ ಸಲೀಸು ಎನ್ನಲೂ ಆಗುತ್ತಿಲ್ಲ.

ಗ್ರೀಕರ ಅರಿಸ್ಟಾಟಲ್ ರಾಜ್ಯದ ಬಗ್ಗೆ ಬರೆಯುವಾಗ ಕೊಳಲಿನ ಉದಾಹರಣೆ ಕೊಡುತ್ತಾನೆ. ಒಳ್ಳೆಯ ಕೊಳಲು ಯಾರಿಗೆ ಸಿಗಬೇಕು? ಕುಲದಲ್ಲಿ ದೊಡ್ಡವನಿಗೂ ಅಲ್ಲ, ನೋಡಲು ಚೆಲುವನಾದವನಿಗೂ ಅಲ್ಲ, ಚೆನ್ನಾಗಿ ನುಡಿಸುವವನಿಗೆ. ಏಕೆಂದರೆ ಕೊಳಲು ಇರುವುದು ನುಡಿಸಲು. ಸಂತ ಬೆಸಿಲರು ನಾಲ್ಕನೆಯ ಶತಮಾನದಲ್ಲಿ ಇನ್ನೂ ಖಾರವಾಗಿ ಬೋಧಿಸಿದರು. ನಿನ್ನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆ ಬಟ್ಟೆಯಿಲ್ಲದವನದು ಎಂಬುದು ಅವರ ಮಾತಿನ ಸಾರ. ಬಟ್ಟೆಯಿಲ್ಲದೆ ಮನುಷ್ಯ ಚಳಿಯಲ್ಲಿ ಸಾಯಬಹುದು, ಗಿಟಾರಿಲ್ಲದೆ ಯಾರೂ ಸಾಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೂ ಮೊಳೆಯಲ್ಲಿ ತೂಗುವ ವಾದ್ಯವನ್ನು ನೋಡಿದಾಗಲೆಲ್ಲ ಈ ಇಬ್ಬರೂ ನೆನಪಾಗುತ್ತಾರೆ.

ಈಗ ನನ್ನ ಕತೆ. ಜಪಾನಿ ಗಿಟಾರು ಕೆಟ್ಟಿತ್ತು, ಅದನ್ನು ರಿಪೇರಿಯವರೊಬ್ಬರು ಬಿಡಿಭಾಗಕ್ಕೆಂದು ಒಯ್ದರು. ಹಾಬ್ನರ್ ಒಬ್ಬ ಕಾಲೇಜು ಹುಡುಗಿಯ ಮನೆ ಸೇರಿತು, ಬಹಳ ಸಂತೋಷ. ಮೂರನೆಯದು ಯಮಹಾ. ನಮ್ಮ ಗಾನವೃಂದದಲ್ಲಿ ಒಬ್ಬ ಹುಡುಗನಿದ್ದಾನೆ. ಮನೆಮಾತು ತಮಿಳು. ಬೆಳಿಗ್ಗೆ ತಮಿಳು ಪೂಜೆಗೂ ನುಡಿಸಿ, ಆಮೇಲೆ ನಮ್ಮ ಕನ್ನಡ ಪೂಜೆಗೂ ಉಳಿದುಕೊಳ್ಳುತ್ತಾನೆ. ಇನ್ನೊಬ್ಬರ ಗಿಟಾರು ಎರವಲು ತಂದು ನುಡಿಸುವವನು. ಯಮಹಾ ಮಾರುತ್ತೇನೆಂದು ಹೇಗೋ ತಿಳಿದು ಮನೆಗೆ ಬಂದ. ಅರ್ಧ ಗಂಟೆ ನುಡಿಸಿದ. ಹೊರಡುವಾಗ, "ಅಂಕಲ್, ಎಂಟು ಸಾವಿರಕ್ಕೆ ಕೊಡ್ತೀರಾ? ತಿಂಗಳಿಗೆ ಒಂದೊಂದು ಸಾವಿರ ತಂದುಕೊಡ್ತೀನಿ" ಎಂದ. "ನೋಡೋಣಪ್ಪ" ಎಂದೆ.

ಅದೇ ವಾರ ಬೆಂಗಳೂರಿನಿಂದ ಒಬ್ಬರು ಕಾರಿನಲ್ಲಿ ಬಂದು ಹದಿನೈದು ಸಾವಿರ ಎಣಿಸಿದರು. ಒಂದು ಸ್ವರವನ್ನೂ ಮೀಟಿ ನೋಡಲಿಲ್ಲ. ಕೆಂಪು ಬಣ್ಣ ತಮ್ಮ ಆಫೀಸಿನ ಗೋಡೆಗೆ ಹೊಂದುತ್ತದೆ ಎಂದರು. ಕೊಟ್ಟೆ. ಎಂಟು ಸಾವಿರ ನನ್ನ ಹಕ್ಕಿನದು, ಹೆಚ್ಚಿಗೆ ಬಂದ ಏಳು ಸಾವಿರ ವಿನ್ಸೆಂಟ್ ದೆ ಪೌಲ್ ಸಭೆಯ ಬಡವರ ನಿಧಿಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆ ಭಾನುವಾರವೇ ಕೊಟ್ಟುಬಿಟ್ಟೆ. ರಾತ್ರಿ ಮನೆಯವಳು, "ರೀ, ಆ ಹುಡುಗನಿಗೆ ಏನ್ ಹೇಳಿದ್ರಿ?" ಎಂದಳು. ಏನೂ ಹೇಳಿರಲಿಲ್ಲ. ಅವನಿಗೂ ಗೊತ್ತಾಗಿತ್ತು. ಮುಂದಿನ ವಾರ ಎಂದಿನಂತೆ "ಪ್ರೇಸ್ ದ ಲಾರ್ಡ್ ಅಂಕಲ್" ಎಂದ, ಎರವಲು ಗಿಟಾರಿನ ತಂತಿ ಬಿಗಿಮಾಡಲು ಕೂತ.

ನಾನು ಮಾಡಿದ್ದರಲ್ಲಿ ತಪ್ಪೇನು ಎಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಮಾತು ಕೊಟ್ಟಿರಲಿಲ್ಲ. ಹೆಚ್ಚಿನ ದುಡ್ಡು ನುಂಗಲಿಲ್ಲ. ಆ ಏಳು ಸಾವಿರದಲ್ಲಿ ಯಾರದೋ ಮನೆಗೆ ಅಕ್ಕಿ, ಯಾರಿಗೋ ಔಷಧಿ ಬಂದಿರುತ್ತದೆ. ಹುಡುಗನಿಗೆ ಗಿಟಾರು ದೊಡ್ಡದೋ, ಹಸಿದವನಿಗೆ ಅಕ್ಕಿ ದೊಡ್ಡದೋ? ಹೀಗೆ ಕೇಳಿಕೊಂಡರೆ ನಾನು ಗೆದ್ದೆ. ಆದರೆ ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಮಾರಿದ ಮೇಲೆ, ಮೊದಲಲ್ಲ. ಹಣ ಎಣಿಸುವಾಗ ನನ್ನ ತಲೆಯಲ್ಲಿ ಹಸಿದವನಿರಲಿಲ್ಲ. ನನ್ನ ಗಿಟಾರಿಗೆ ಹದಿನೈದು ಸಾವಿರ ಬಂತಲ್ಲ ಎಂಬ ಹಿಗ್ಗು ಇತ್ತು.

ಶುಭಸಂದೇಶದಲ್ಲಿ ಬೆಥಾನಿಯದ ಊಟದ ಪ್ರಸಂಗ ನಮಗೆಲ್ಲ ಗೊತ್ತು. ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಕ್ಕೆ ಸುರಿಯುತ್ತಾಳೆ. ಅದನ್ನು ಮುನ್ನೂರು ನಾಣ್ಯಕ್ಕೆ ಮಾರಿ ಬಡವರಿಗೆ ಕೊಡಬಾರದಿತ್ತೇ ಎಂದು ಕೇಳಿದವನು ಯೂದನು. ಲೆಕ್ಕ ಸರಿಯಾದ ಲೆಕ್ಕವೇ. ಅದೇ ಮಾತನ್ನು ಪೇತ್ರನೋ ಯೊವಾನ್ನನೋ ಆಡಿದ್ದರೆ ನಾವು ತಲೆದೂಗುತ್ತಿದ್ದೆವೋ ಏನೋ. ಬಡವರ ಹೆಸರು ಹೇಳಿ ಎದುರಿಗೆ ಕುಳಿತ ಒಬ್ಬನನ್ನು ಕಾಣದೆ ಹೋಗಬಹುದು ಎಂಬುದು ಆ ಪ್ರಸಂಗದಲ್ಲಿದೆ ಎಂದು ನನಗೆ ಈಗ ತೋರುತ್ತದೆ. ಇಷ್ಟು ವರ್ಷ ಅದನ್ನು ಯೂದನ ಕಳ್ಳತನದ ಕತೆ ಎಂದೇ ಓದಿಕೊಂಡಿದ್ದೆ.

ಹಾಗೆಂದು ಗಿಲ್ಮೋರ್ ತಮ್ಮ ಗಿಟಾರುಗಳನ್ನು ನೂರಿಪ್ಪತ್ತು ಮಕ್ಕಳಿಗೆ ಹಂಚಬೇಕಿತ್ತೇ? ಇಲ್ಲ. ಎರಡು ಕೋಟಿ ಡಾಲರಿನಿಂದ ಆ ವಕೀಲರು ಮಾಡಬಲ್ಲ ಕೆಲಸ ನೂರಿಪ್ಪತ್ತು ಗಿಟಾರಿನಿಂದ ಆಗದು. ಅವರ ಮುಂದೆ ಎಂಟು ಸಾವಿರ ಹಿಡಿದು ನಿಂತ ಹುಡುಗನೂ ಇರಲಿಲ್ಲ. ಕಪ್ಪು ಗಿಟಾರನ್ನು ಕೊಂಡ ಜಿಮ್ ಇರ್ಸೆ ಎಂಬ ಅಮೆರಿಕದ ಧನಿಕರು ಅದನ್ನು ಬೀರುವಿನಲ್ಲಿ ಹೂತಿಡಲಿಲ್ಲ, ತಮ್ಮ ಸಂಗ್ರಹವನ್ನು ಊರೂರಿಗೆ ಒಯ್ದು ಉಚಿತವಾಗಿ ತೋರಿಸಿದರು. ದೊಡ್ಡವರ ಲೆಕ್ಕ ದೊಡ್ಡದು. ನನ್ನಂಥವನು ಅದನ್ನು ಎರವಲು ತಂದು ನನ್ನ ಸಣ್ಣ ಲೆಕ್ಕಕ್ಕೆ ಹೊಂದಿಸಿಕೊಂಡದ್ದೇ ಎಡವಟ್ಟು.

ನನಗೆ ಹತ್ತಿರವಾದದ್ದು ಕ್ಲಾಪ್ಟನ್ ಅವರ ಇನ್ನೊಂದು ಸಂಗತಿ. 1970ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆರು ಹಳೆಯ ಸ್ಟ್ರಾಟೋಕಾಸ್ಟರ್‌ಗಳನ್ನು ಅಗ್ಗಕ್ಕೆ ಕೊಂಡರು. ಮೂರನ್ನು ಜಾರ್ಜ್ ಹ್ಯಾರಿಸನ್, ಸ್ಟೀವ್ ವಿನ್‌ವುಡ್, ಪೀಟ್ ಟೌನ್‌ಶೆಂಡ್ ಎಂಬ ಗೆಳೆಯರಿಗೆ ಕೊಟ್ಟರು. ಉಳಿದ ಮೂರರ ಒಳ್ಳೆಯ ಭಾಗಗಳನ್ನು ಬಿಚ್ಚಿ ಒಂದು ಗಿಟಾರು ಕಟ್ಟಿಕೊಂಡರು. ಅದೇ 'ಬ್ಲ್ಯಾಕಿ'. 2004ರ ಹರಾಜಿನಲ್ಲಿ ಅದಕ್ಕೆ 9 ಲಕ್ಷ 59 ಸಾವಿರದ 500 ಡಾಲರ್ ಬಂತು. ಪತ್ರಿಕೆಗಳು ಬರೆದದ್ದು ಆ ಮೊತ್ತದ ಬಗ್ಗೆ. ಗೆಳೆಯರ ಕೈಗೆ ಹೋದ ಮೂರಕ್ಕೆ ಕ್ಲಾಪ್ಟನ್ ಯಾವ ಬೆಲೆಯನ್ನೂ ಕೇಳಲಿಲ್ಲ.

ನನ್ನ ಗೋಡೆಯಲ್ಲಿ ಈಗ ಗಿವ್ಸನ್ ಮತ್ತು ಫೆಂಡರ್ ಇವೆ. ಗಿವ್ಸನ್ ಯಾರಿಗೂ ಬೇಡ, ಅದು ನನ್ನ ಜೊತೆಗೇ ಇರಲಿ. ಅದನ್ನೂ ಬಿಡಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಬಿಟ್ಟೇ ಹೋಗುತ್ತೇನೆ ಎನ್ನುತ್ತೇನೆ. ಅಷ್ಟು ದೌರ್ಬಲ್ಯ ಉಳಿದಿದೆ. ಫೆಂಡರಿನ ಬೆರಳುಹಲಗೆ ಬೀಟೆ ಮರದ್ದು, ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಅದೇ ಬೀಟೆ. ನಮ್ಮ ಕಡೆಯ ಮರ ಸಮುದ್ರ ದಾಟಿ, ಗಿಟಾರಾಗಿ ಹೊಸೂರಿಗೆ ಮರಳಿತೇನೋ ಎಂದು ನೆನೆದು ಎಷ್ಟೋ ಸಲ ಅದನ್ನು ಸವರಿದ್ದೇನೆ.

ಅದಕ್ಕೂ ಬೆಂಗಳೂರಿನಿಂದ ಫೋನು ಬಂದಿದೆ. ನಲವತ್ತು ಸಾವಿರ ಎನ್ನುತ್ತಾರೆ. ಹುಡುಗನಿಗೆ ಹಾಗೇ ಕೊಟ್ಟುಬಿಡು ಎಂದು ಒಂದು ಮನಸ್ಸು ಹೇಳುತ್ತದೆ. ಹಾಗೆ ಕೊಟ್ಟರೆ ಅದು ಅವನಿಗೆ ಕೊಟ್ಟದ್ದೋ, ಯಮಹಾದ ವಿಷಯದಲ್ಲಿ ನನ್ನ ಮನಸ್ಸಿನ ಮುಳ್ಳು ಕಿತ್ತುಕೊಂಡದ್ದೋ ಎಂದು ಇನ್ನೊಂದು ಮನಸ್ಸು ಕೇಳುತ್ತದೆ. ಬಿಟ್ಟಿ ಕೊಟ್ಟರೆ ಅವನು ತೆಗೆದುಕೊಳ್ಳುವನೋ ಇಲ್ಲವೋ, ಅದೂ ತಿಳಿಯದು. ತಿಂಗಳಿಗೆ ಸಾವಿರ ತರುತ್ತೇನೆ ಎಂದವನು ಅವನು, ಬೇಡಲು ಬಂದವನಲ್ಲ. ಮನೆಯವಳನ್ನು ಕೇಳಿದೆ. "ಮೊದಲು ಅವನನ್ನ ಊಟಕ್ಕೆ ಕರೀರಿ, ಆಮೇಲೆ ನೋಡೋಣ" ಎಂದಳು. ಬರುವ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಬಾ ಎಂದು ಹೇಳಿದ್ದೇನೆ. ಬೆಂಗಳೂರಿನವರಿಗೆ ಸೋಮವಾರ ಹೇಳುತ್ತೇನೆ ಎಂದಿದ್ದೇನೆ.