ಅಣ್ಣನ ಮೇಲೆ ದಾವೆ

ಕೋರ್ಟಿನಲ್ಲಿ ಸೋತವನು ಸತ್ತ, ಗೆದ್ದವನು ಸೋತ ಎಂಬ ಗಾದೆಯನ್ನು ಕೇಳದವರು ನಮ್ಮ ಹಾಸನ ಸೀಮೆಯಲ್ಲಿ ಇರಲಾರರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಯಾವ ಊರಿನ ನ್ಯಾಯಾಲಯವಾದರೂ ಸರಿ, ವಾಯಿದೆಯ ದಿನ ಬೆಳಗ್ಗೆ ಅದರ ಆವರಣದಲ್ಲಿ ಹೋಗಿ ನಿಂತರೆ ಈ ಗಾದೆ ಹುಟ್ಟಿದ ಬಗೆ ತಾನಾಗಿಯೇ ತಿಳಿಯುತ್ತದೆ. ಮೊದಲನೆಯ ಬಸ್ಸಿಗೆ ಹೊರಟು ಬಂದವರು, ಮಡಿಚಿದ ಪಹಣಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡವರು, ತಮ್ಮ ಹೆಸರು ಕೂಗುವುದನ್ನೇ ಕಾಯುತ್ತ ಮರದ ನೆರಳಿನಲ್ಲಿ ಕುಳಿತವರು. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಇಬ್ಬರು ಆ ನೆರಳಿನ ಎರಡು ತುದಿಗಳಲ್ಲಿ ಮುಖ ತಿರುಗಿಸಿ ಕುಳಿತಿರುವುದು ಅಲ್ಲಿ ಅಪರೂಪದ ನೋಟವಲ್ಲ.

ಕ್ರೈಸ್ತ ವಿಶ್ವಾಸಿಯಾದವರು ತಮ್ಮ ಒಡಹುಟ್ಟಿದವರ ಮೇಲೆ ದಾವೆ ಹೂಡಬಹುದೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆಯೆಂದು ನಾನು ಬಹಳ ವರ್ಷ ನಂಬಿದ್ದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯವನ್ನು ತೆರೆದು ತೋರಿಸಿದರೆ ಚರ್ಚೆ ಮುಗಿಯಿತೆಂಬುದು ನನ್ನ ಎಣಿಕೆಯಾಗಿತ್ತು. ಆ ಎಣಿಕೆ ತಪ್ಪೆಂದು ನನಗೆ ತೋರಿಸಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅವಳ ಗುರುತು ಮರೆಸಿ ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಶಾಲೆಯ ಮೇಷ್ಟ್ರಾಗಿದ್ದಾಗ ಆ ಮನೆಯ ಅಣ್ಣ ತಂಗಿ ಇಬ್ಬರಿಗೂ ಪಾಠ ಹೇಳಿದ್ದೆ. ತಂಗಿಯನ್ನು ಹೊಳೆನರಸೀಪುರಕ್ಕೆ ಕೊಟ್ಟರು. ಅಣ್ಣ ಹೊಲದಲ್ಲೇ ಉಳಿದ. ಆಲೂಗೆಡ್ಡೆ, ಶುಂಠಿ, ಒಂದಿಷ್ಟು ಹೊಗೆಸೊಪ್ಪು, ಇದೇ ಅವನ ಬದುಕು. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಉಳಿದದ್ದು ಮೂರು ಎಕರೆ ಜಮೀನು ಮತ್ತು ಮುದುಕಿ ತಾಯಿ. ಪೌತಿ ಖಾತೆಗೆಂದು ಅಣ್ಣ ಸಲ್ಲಿಸಿದ ವಂಶವೃಕ್ಷದಲ್ಲಿ ತಂದೆಯ ಹೆಸರಿನ ಕೆಳಗೆ ಒಂದೇ ಒಂದು ಕೊಂಬೆಯಿತ್ತು. ತಂಗಿ ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ಅವಳ ಹೆಸರು ಅದರಲ್ಲಿ ಇರಲಿಲ್ಲ.

ಅವಳು ವಿಭಾಗ ದಾವೆ ಹೂಡಿದಳು. ಜಮೀನು ಇರುವ ಕಡೆಯೇ ದಾವೆ ನಡೆಯಬೇಕಾದ್ದರಿಂದ ಪ್ರತಿ ವಾಯಿದೆಗೂ ಹೊಳೆನರಸೀಪುರದಿಂದ ಅರಕಲಗೂಡಿಗೆ ಬರಬೇಕಾಗಿತ್ತು. ಧರ್ಮಕೇಂದ್ರದಲ್ಲಿ ಗುಸುಗುಸು ಎದ್ದಿತು. ಹಿರಿಯರು ನನ್ನ ಕಡೆ ಬೆರಳು ತೋರಿಸಿ, "ಮೇಷ್ಟ್ರು ಹೇಳಿದರೆ ಕೇಳುತ್ತಾಳೆ" ಎಂದರು. ನಾನು ಹೊಳೆನರಸೀಪುರಕ್ಕೆ ಹೋಗಿ, ಅವಳು ಕೊಟ್ಟ ಕಾಫಿ ಕುಡಿದು, ಪೌಲರ ಪತ್ರವನ್ನು ಓದಿದೆ. ವಿಶ್ವಾಸಿಗಳು ಪರಸ್ಪರರ ಮೇಲೆ ಹೊರಗಿನ ನ್ಯಾಯಾಲಯಕ್ಕೆ ಹೋಗುವುದು ನಾಚಿಕೆಗೇಡೆಂದು, ಅದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳುವುದೇ ಲೇಸೆಂದು ಪೌಲರು ಹೇಳುವ ಭಾಗ ಅದು. ಅವಳು ತಲೆ ತಗ್ಗಿಸಿ ಕೇಳಿದಳು. ನಾನು ಪುಸ್ತಕ ಮುಚ್ಚಿದ ಮೇಲೆ ಒಂದೇ ಮಾತು ಕೇಳಿದಳು:

"ಮೇಷ್ಟ್ರೇ, ಇದನ್ನ ನಮ್ಮಣ್ಣಂಗೂ ಓದಿ ಹೇಳಿ ಬಂದ್ರಾ?"

ಓದಿ ಹೇಳಿರಲಿಲ್ಲ. ಅವನ ಮನೆಗೆ ಹೋಗಬೇಕೆಂಬುದು ನನಗಾಗಲಿ, ನನ್ನನ್ನು ಕಳುಹಿಸಿದವರಿಗಾಗಲಿ ಹೊಳೆದೇ ಇರಲಿಲ್ಲ. ದಾವೆ ಹೂಡಿದವಳು ಅವಳಾದ್ದರಿಂದ ಶಾಂತಿ ಕೆಡಿಸಿದವಳೂ ಅವಳೇ ಎಂದು ನಾವೆಲ್ಲ ಎಣಿಸಿದ್ದೆವು.

ಅಂದು ರಾತ್ರಿ ಮನೆಗೆ ಬಂದು ಅದೇ ಅಧ್ಯಾಯವನ್ನು ಮತ್ತೆ ಓದಿದೆ. ಅನ್ಯಾಯವನ್ನು ಏಕೆ ಸಹಿಸಿಕೊಳ್ಳಬಾರದು ಎಂದು ಏಳನೆಯ ವಚನದಲ್ಲಿ ಕೇಳುವ ಪೌಲರು ಎಂಟನೆಯ ವಚನದಲ್ಲಿ ತಿರುಗಿ ನಿಲ್ಲುತ್ತಾರೆ. ಅನ್ಯಾಯ ಮಾಡುತ್ತಿರುವವರು ನೀವೇ, ವಂಚಿಸುತ್ತಿರುವವರು ನೀವೇ, ಅದೂ ನಿಮ್ಮ ಸಹೋದರರನ್ನೇ ಎಂಬುದು ಅಲ್ಲಿಯ ಗದರಿಕೆಯ ತಾತ್ಪರ್ಯ. ನಾನು ಏಳಕ್ಕೇ ನಿಲ್ಲಿಸಿ ಪುಸ್ತಕ ಮುಚ್ಚಿದ್ದೆ. ಇನ್ನೂ ಮೊದಲು, ಐದನೆಯ ವಚನದಲ್ಲಿ, ಸಹೋದರರ ವ್ಯಾಜ್ಯವನ್ನು ತೀರಿಸಬಲ್ಲ ಒಬ್ಬ ವಿವೇಕಿಯೂ ನಿಮ್ಮಲ್ಲಿ ಇಲ್ಲವೇ ಎಂಬ ಅರ್ಥದ ಪ್ರಶ್ನೆಯಿದೆ. ಅದು ಹಕ್ಕು ಕೇಳುವವರಿಗೆ ಹಾಕಿದ ಪ್ರಶ್ನೆಯಲ್ಲ. ಸುತ್ತ ನಿಂತು ನೋಡುವ ಸಭೆಗೆ, ಎಂದರೆ ನಮಗೆ, ಹಾಕಿದ ಪ್ರಶ್ನೆ.

ಪೌಲರು ನ್ಯಾಯಾಲಯವನ್ನೇ ತಿರಸ್ಕರಿಸಿದವರೂ ಅಲ್ಲ. ಫೆಸ್ತನ ಮುಂದೆ ನಿಂತಾಗ ತಮ್ಮ ಮೊಕದ್ದಮೆ ಚಕ್ರವರ್ತಿಯ ಮುಂದೆಯೇ ವಿಚಾರಣೆಯಾಗಲಿ ಎಂದು ಮನವಿ ಮಾಡಿಕೊಂಡದ್ದು ಪ್ರೇಷಿತರ ಕಾರ್ಯಕಲಾಪಗಳ 25ನೆಯ ಅಧ್ಯಾಯದಲ್ಲಿದೆ. ಅದು ಆಸ್ತಿಯ ವ್ಯಾಜ್ಯವಲ್ಲ, ನಿಜ. ಆದರೂ ದುರ್ಬಲನಿಗೆ ಕಾನೂನು ಒಂದು ಆಸರೆಯೆಂಬುದನ್ನು ಅವರು ಬಲ್ಲವರಾಗಿದ್ದರು.

ಲೂಕನ ಶುಭಸಂದೇಶದ 12ನೆಯ ಅಧ್ಯಾಯದ ಘಟನೆಯನ್ನೂ ನಾವು ಹೀಗೇ ಅರ್ಧ ಓದುತ್ತೇವೆ. ಪಿತ್ರಾರ್ಜಿತದಲ್ಲಿ ಪಾಲು ಕೊಡುವಂತೆ ತನ್ನ ಸಹೋದರನಿಗೆ ಹೇಳಿರೆಂದು ಒಬ್ಬನು ಬೇಡಿದಾಗ, ಪಾಲುಗಾರನಾಗಲು ಪ್ರಭು ಯೇಸು ಒಪ್ಪಲಿಲ್ಲ. ಅಷ್ಟನ್ನೇ ಹಿಡಿದು, ನೋಡಿ, ಪಾಲು ಕೇಳುವುದು ಪ್ರಭುವಿಗೆ ಇಷ್ಟವಿಲ್ಲ ಎನ್ನುತ್ತೇವೆ. ಲೋಭದ ಬಗ್ಗೆ ಎಚ್ಚರಿಕೆಯನ್ನು ಅವರು ನೀಡಿದ್ದು ಕೇಳಿದವನೊಬ್ಬನಿಗಲ್ಲ, ನೆರೆದವರೆಲ್ಲರಿಗೂ. ಆ ಗುಂಪಿನಲ್ಲಿ ಪಾಲು ಕೊಡದ ಸಹೋದರನೂ ನಿಂತಿದ್ದಿರಬಹುದು. ಮೇಲಾಗಿ, ಅನಂತರ ಹೇಳಿದ ಸಾಮತಿಯಲ್ಲಿ ಬರುವವನು ಬೇಡುವವನಲ್ಲ. ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಲು ಹೊರಟವನು. ಇದು ನನ್ನ ಓದು. ಬಲ್ಲವರು ತಿದ್ದಿದರೆ ತಿದ್ದಿಸಿಕೊಳ್ಳಲು ಸಿದ್ಧನಿದ್ದೇನೆ.

ಇನ್ನು ಕಾನೂನಿನ ಮಾತು. ನಮ್ಮ ಕುಟುಂಬಗಳಲ್ಲಿ ಇದರ ಬಗ್ಗೆ ಇರುವ ಅಜ್ಞಾನ ಸಣ್ಣದಲ್ಲ. ನಾವು ನೆರೆಹೊರೆಯವರಂತೆಯೇ ಉತ್ತು ಬಿತ್ತುವವರಾದ್ದರಿಂದ ಆಸ್ತಿಯ ನಿಯಮವೂ ಅವರದ್ದೇ ಎಂದುಕೊಂಡಿದ್ದೇವೆ. ಆದರೆ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಹಳೆಯ ಮೈಸೂರು ಸಂಸ್ಥಾನದಂಥ ಪ್ರದೇಶಗಳಿಗೆ ಅದು 1951ರಲ್ಲಿ ವಿಸ್ತರಿಸಿತು. ಉಯಿಲು ಬರೆಯದೆ ತೀರಿಕೊಂಡವನಿಗೆ ಹೆಂಡತಿ ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು ಭಾಗ. ಉಳಿದ ಮೂರನೆಯ ಎರಡು ಭಾಗ ಮಕ್ಕಳಿಗೆ ಸಮನಾಗಿ. ಗಂಡು, ಹೆಣ್ಣು ಎಂಬ ಭೇದ ಅಲ್ಲಿಲ್ಲ. ಮದುವೆಯಾಗಿ ಹೋದವಳು, ಮನೆಯಲ್ಲಿ ಉಳಿದವಳು ಎಂಬ ಭೇದವೂ ಇಲ್ಲ.

ನಮ್ಮ ಹಿಂದೂ ನೆರೆಯವರ ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಪಡೆಯಲು ಬಹುಕಾಲ ಕಾಯಬೇಕಾಯಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಅದೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. ಆಮೇಲೆ 2005ರ ಕೇಂದ್ರದ ತಿದ್ದುಪಡಿ. ತಂದೆ ಆ ದಿನ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮ ಮೊಕದ್ದಮೆಯಲ್ಲಿ ಬಗೆಹರಿಸಿದ್ದು 2020ರ ಆಗಸ್ಟ್ 11ರಂದು. ಅಷ್ಟು ಹೋರಾಡದೆಯೇ ನಮ್ಮ ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಸಮಪಾಲು ಇತ್ತು. ಆದರೂ ನಮ್ಮ ವಂಶವೃಕ್ಷಗಳಲ್ಲಿ ಅವರ ಹೆಸರು ಇರಲಿಲ್ಲ.

ಕೇರಳದ ಕಥೆ ಬೇರೆ. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಶಿಕ್ಷಕಿ ಮೇರಿ ರಾಯ್. ಆ ಹಳೆಯ ಕಾಯಿದೆ 1951ರಲ್ಲಿಯೇ ರದ್ದಾಗಿದೆಯೆಂದು ನ್ಯಾಯಾಲಯ 1986ರ ಫೆಬ್ರವರಿ 24ರಂದು ತೀರ್ಪಿತ್ತಿತು. ಅಂದು ಆಕೆಯನ್ನು ಕುಟುಂಬ ಒಡೆಯುವವಳೆಂದು ಜರಿದ ಸಮುದಾಯದಲ್ಲಿ ಇಂದು ಆ ತೀರ್ಪಿನ ಫಲ ಉಣ್ಣುತ್ತಿರುವ ಮನೆಗಳು ಅನೇಕ. ಆದರೆ ತೀರ್ಪು ಬಂದ ಮೇಲೂ ತಂದೆಯ ಆಸ್ತಿಯಲ್ಲಿ ಆಕೆಯ ಪಾಲು ಕೈಸೇರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಆಕೆ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ನನ್ನ ವಿದ್ಯಾರ್ಥಿನಿಯ ದಾವೆಗೆ ಮರಳುತ್ತೇನೆ. ವಿಚಾರಣೆಯಲ್ಲಿ ಯಾರೂ ಎಣಿಸದ ಒಂದು ಸಂಗತಿ ಹೊರಬಿತ್ತು. ಅಣ್ಣ, ಎಲ್ಲವೂ ತನ್ನದೆಂದು ತಿಳಿದಿದ್ದ. ತಂಗಿ, ಅರ್ಧ ತನ್ನದೆಂದು ತಿಳಿದಿದ್ದಳು. ನ್ಯಾಯಾಲಯದ ಪ್ರಾಥಮಿಕ ಡಿಕ್ರಿಯ ಪ್ರಕಾರ ಅಣ್ಣನಿಗೆ ಒಂದು ಎಕರೆ, ತಂಗಿಗೆ ಒಂದು ಎಕರೆ, ತಾಯಿಗೆ ಒಂದು ಎಕರೆ. ನಿಮ್ಮ ಜಗಳಕ್ಕೆ ನನ್ನನ್ನು ಎಳೆಯಬೇಡಿ ಎಂದು ಅಡಿಗೆಮನೆಯ ಬಾಗಿಲಲ್ಲಿ ಅಳುತ್ತಿದ್ದ ಆ ಮುದುಕಿ, ಗಂಡ ಸತ್ತ ದಿನದಿಂದಲೂ ಮೂರನೆಯ ಒಂದು ಭಾಗದ ಒಡತಿಯಾಗಿದ್ದಳು. ಮಕ್ಕಳಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಸಂಧಾನಕ್ಕೆ ಹೋದ ನಮಗೂ ಗೊತ್ತಿರಲಿಲ್ಲ. ಅಂದು ನಾವು ಧರ್ಮಕೇಂದ್ರದ ಜಗಲಿಯ ಮೇಲೆ ಕುಳಿತು ರಾಜಿ ಮಾಡಿಸಿಬಿಟ್ಟಿದ್ದರೆ ಆ ತಾಯಿಯನ್ನು ಮಗ ಸಾಕಬೇಕಾದ ಹೊರೆಯೆಂದೇ ಬರೆಯುತ್ತಿದ್ದೆವು.

ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಎಂದು ಹೇಳುತ್ತದೆ, ಅಷ್ಟೆ. ಯಾವ ಬದುವಿನಿಂದ ಯಾವ ಬದುವಿಗೆ ಎಂದು ತೀರ್ಮಾನವಾಗಲು ಕಮಿಷನರು ಬಂದು ಅಳೆದು, ಅಂತಿಮ ಡಿಕ್ರಿ ಆಗಬೇಕು. ಈ ಎರಡರ ನಡುವೆ ಎಷ್ಟೋ ಮನೆಗಳ ಆಯಸ್ಸು ಸವೆದಿದೆ. ಅಂತಿಮ ಡಿಕ್ರಿಗಾಗಿ ಮತ್ತೊಂದು ಅರ್ಜಿಯನ್ನು ಕಾಯದೆ ವಿಚಾರಣಾ ನ್ಯಾಯಾಲಯಗಳೇ ಮುಂದಿನ ಕ್ರಮಕ್ಕೆ ಮೊಕದ್ದಮೆಯನ್ನು ಪಟ್ಟಿಮಾಡಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ಸೂಚಿಸಿತು. ಇವರ ಕಾಲಕ್ಕೆ ಆ ಸೂಚನೆ ಇರಲಿಲ್ಲ. ಅಣ್ಣ ಹಾಸನದ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋದ. ಗೆಲ್ಲುವ ಭರವಸೆಯಿಂದಲ್ಲ, ತಂಗಿಯನ್ನು ದಣಿಸುವುದಕ್ಕೆ. ಇದನ್ನು ಅವನೇ ಮುಂದೆ ನನ್ನಲ್ಲಿ ಒಪ್ಪಿಕೊಂಡ. ನ್ಯಾಯಾಲಯಕ್ಕೆ ಹೋಗುವುದು ಪಾಪವೇ ಎಂದು ಕೇಳುವವರು ಈ ಬಗೆಯ ಮೇಲ್ಮನವಿಯ ವಿಚಾರವನ್ನು ಮೊದಲು ಕೇಳಬೇಕೆಂದು ನನಗೆ ತೋರುತ್ತದೆ. ತಡವನ್ನೇ ಆಯುಧ ಮಾಡಿಕೊಳ್ಳುವುದು, ಸುಳ್ಳು ವಂಶವೃಕ್ಷ ಬರೆಯುವುದು, ಹಗೆ ತೀರಿಸಲು ತಡೆಯಾಜ್ಞೆ ತರುವುದು, ಇವುಗಳನ್ನು ಪಾಪನಿವೇದನೆಯಲ್ಲಿ ಎಷ್ಟು ಜನ ಹೇಳಿಕೊಳ್ಳುತ್ತಾರೋ ಗುರುಗಳೇ ಬಲ್ಲರು.

ಮೇಲ್ಮನವಿ ನಡೆಯುತ್ತಿರುವಾಗಲೇ ತಾಯಿ ತೀರಿಕೊಂಡಳು. ಸಮಾಧಿಯ ಬಳಿ ಅಣ್ಣ ತಂಗಿ ಎದುರುಬದುರು ನಿಂತು ಹಿಡಿ ಮಣ್ಣು ಹಾಕಿದರು, ಮಾತನಾಡಲಿಲ್ಲ. ಅದಾದ ಕೆಲವು ತಿಂಗಳಿಗೆ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದ ವಾಚನ ಬಂದಿತ್ತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ರಾಜಿಮಾಡಿಕೊಳ್ಳಬೇಕಾದವನು ಯಾರು? ಅನ್ಯಾಯವಾಯಿತೆಂದು ಕೊರಗುವವನಲ್ಲ, ಯಾರ ಮೇಲೆ ಸಹೋದರನಿಗೆ ದೂರಿದೆಯೋ ಅವನು. ನಡೆಯಬೇಕಾದವನು ಅವನು. ಈ ಸಲ ನಾನು ಅಣ್ಣನ ಮನೆಗೆ ಹೋದೆ. ಮೊದಲ ದಿನ ಅವನು ನನ್ನನ್ನು ಕೂರಲೂ ಹೇಳಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ, "ಅವಳು ಬಂದು ಕೇಳಿದ್ರೆ ಕೊಡ್ತಿರಲಿಲ್ವಾ ಮೇಷ್ಟ್ರೇ" ಎಂದ. ಅವಳು ಬಂದು ಕೇಳಿದ್ದಳೆಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಹಾಸನದ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟು ಫೀ ಹಿಂದಿರುಗುತ್ತದೆ. ತಾಯಿಯ ಎಕರೆಯಲ್ಲಿ ಇಬ್ಬರಿಗೂ ಅರ್ಧರ್ಧ ಬರಬೇಕಾಗಿತ್ತು. ತಂಗಿ ತನ್ನ ಒಂದು ಎಕರೆಯನ್ನು ತೆಗೆದುಕೊಂಡು, ತಾಯಿಯ ಪಾಲಿನ ಅರ್ಧ ಎಕರೆಯನ್ನು ಅಣ್ಣನಿಗೇ ಬಿಟ್ಟಳು. "ಕೊನೇವರೆಗೆ ಅಮ್ಮನ್ನ ನೋಡಿಕೊಂಡಿದ್ದು ಅತ್ತಿಗೆ" ಎಂದಳು. ಅಣ್ಣ ಕಣ್ಣೆತ್ತಲಿಲ್ಲ.

ಹತ್ತು ವರ್ಷ ಹೋರಾಡಿ ಪಡೆದುದರಲ್ಲಿ ಅರ್ಧ ಎಕರೆಯನ್ನು ಹಾಗೆ ಬಿಟ್ಟುಕೊಡುವುದಾದರೆ ಮೊದಲೇ ಬಿಡಬಹುದಿತ್ತಲ್ಲ ಎಂದು ಕೆಲವರು ಅಂದರು. ಬಿಡಲು ಬರುತ್ತಿರಲಿಲ್ಲ. ನಿನ್ನದೆಂದು ಯಾರೂ ಒಪ್ಪದ ವಸ್ತುವನ್ನು ನೀನು ದಾನ ಮಾಡುವುದು ಹೇಗೆ? ಮೊದಲೇ ಸುಮ್ಮನಾಗಿದ್ದರೆ ಅವಳಿಂದ ಕಿತ್ತುಕೊಂಡಂತಾಗುತ್ತಿತ್ತು, ಅಷ್ಟೆ. ಅನ್ಯಾಯವನ್ನು ಸಹಿಸಿಕೊಳ್ಳಿರೆಂಬ ಪೌಲರ ಮಾತಿಗೆ ಅರ್ಥ ಬರುವುದು, ಹಕ್ಕು ತನ್ನದೆಂದು ಬಲ್ಲವರು ಅದನ್ನು ತಾವಾಗಿ ಕೆಳಗಿಟ್ಟಾಗ. ಇನ್ನೊಬ್ಬರ ಕೈಯಿಂದ ಅದನ್ನು ಕೆಳಗಿಡಿಸಲು ಆ ಮಾತನ್ನು ಬಳಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ನ್ಯಾಯಾಲಯ ಅವರಿಬ್ಬರನ್ನು ಮತ್ತೆ ಅಣ್ಣ ತಂಗಿಯನ್ನಾಗಿ ಮಾಡಿತೇ ಎಂದು ಕೇಳಿದರೆ, ಇಲ್ಲ. ಅದು ನ್ಯಾಯಾಲಯದ ಕೆಲಸವೂ ಅಲ್ಲ. ಕ್ರಿಸ್‌ಮಸ್ಸಿಗೆ ಅತ್ತಿಗೆ ಹೊಳೆನರಸೀಪುರಕ್ಕೆ ತಿಂಡಿಯ ಡಬ್ಬಿ ಕಳುಹಿಸುತ್ತಾಳೆ. ಅಣ್ಣ ಇನ್ನೂ ಹೋಗಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನಮ್ಮದೊಂದು ತೆಂಗಿನ ತೋಟವಿದೆ. ನಮ್ಮ ತಂದೆಯೂ ಉಯಿಲು ಬರೆಯಲಿಲ್ಲ. ಅವರು ತೀರಿಕೊಂಡ ಮರುವರ್ಷ ನನ್ನ ತಂಗಿಯನ್ನು ಊರಿಗೆ ಕರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಅವಳು ಏನನ್ನೂ ಕೇಳಲಿಲ್ಲ, ಪತ್ರವನ್ನು ಓದಲೂ ಇಲ್ಲ. ಬರುವಾಗ ದಾರಿಯಲ್ಲಿ ಅವಳಿಗೊಂದು ಸೀರೆ ಕೊಡಿಸಿದೆ. ನಮ್ಮ ಮನೆಯಲ್ಲಿ ಜಗಳವೇ ಇಲ್ಲವೆಂದು ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಹೊಳೆನರಸೀಪುರದ ಆ ಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಾಗಲೂ ಹೇಳಿದ್ದೆ.

ಕಳೆದ ತಿಂಗಳು ಪಹಣಿಯ ನಕಲು ತೆಗೆಸಿದ್ದೇನೆ. ಆ ಹಳೆಯ ಪತ್ರ ಪೆಟ್ಟಿಗೆಯಲ್ಲಿದೆ. ನನ್ನ ಮಕ್ಕಳಿಗೆ ಇನ್ನೂ ಹೇಳಿಲ್ಲ, ಅವರು ಒಪ್ಪುತ್ತಾರೋ ತಿಳಿಯದು. ತಂಗಿಗೆ ಈಗ ಅರವತ್ತೆಂಟು. ಬರುವ ಭಾನುವಾರ ಪೂಜೆ ಮುಗಿಸಿ ಅವಳ ಮನೆಗೆ ಹೋಗಬೇಕೆಂದಿದ್ದೇನೆ.