ಅಭಯವನ್ನು ಕಲಿಸಬಹುದೇ?

ಜೈನ ಬಸದಿಗಳಿಗೆ ದತ್ತಿ ಬಿಟ್ಟ ಕನ್ನಡ ನಾಡಿನ ಶಾಸನಗಳಲ್ಲಿ ‘ಆಹಾರಾಭಯಭೈಷಜ್ಯಶಾಸ್ತ್ರದಾನ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅನ್ನ, ಔಷಧ, ವಿದ್ಯೆಗಳ ಸಾಲಿನಲ್ಲಿ ಅಭಯವೂ ದಾನದ ವಸ್ತು. ಭಗವದ್ಗೀತೆಯ 16ನೇ ಅಧ್ಯಾಯ ದೈವೀ ಗುಣಗಳನ್ನು ಎಣಿಸುವಾಗಲೂ ಮೊದಲಿಗೆ ಬರುವುದು ಅಭಯವೇ. ಆದರೆ ಅಲ್ಲಿ ಅದು ತನ್ನೊಳಗಿನ ನಿರ್ಭಯ, ಇಲ್ಲಿ ಮತ್ತೊಬ್ಬರಿಗೆ ಕೊಡುವ ನಿರ್ಭಯ. ಕೊಡುವವನೇ ಅಂಜುತ್ತಿದ್ದರೆ ಈ ದಾನ ನಡೆಯುವುದು ಹೇಗೆ?

ಈ ಪ್ರಶ್ನೆ ಈಗ ಮಾನವ ಹಕ್ಕು ಆಯೋಗಗಳ ಸಿಬ್ಬಂದಿಯ ತರಬೇತಿ ಕೊಠಡಿಗೂ ಬಂದಿದೆ. ಪರರ ಹಕ್ಕಿಗಾಗಿ ದನಿಯೆತ್ತುವವರಿಗೆ ರಕ್ಷಣೆ ಬೇಕೆಂಬ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ 1998ರ ಡಿಸೆಂಬರ್ 9ರಂದು ಅಂಗೀಕರಿಸಿತು. ಹಲವು ದೇಶಗಳ ರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಗಳು 2018ರ ಅಕ್ಟೋಬರ್‌ನಲ್ಲಿ ಮೊರಾಕ್ಕೊದ ಮರಾಕೇಶ್‌ನಲ್ಲಿ ಸೇರಿ ಆ ಹೊಣೆ ತಮ್ಮದೂ ಹೌದೆಂದು ಒಪ್ಪಿಕೊಂಡವು.

ಒಪ್ಪಿಕೊಂಡ ಮೇಲೆ ಕಲಿಯುವುದೇನು? ಅಕ್ರಮ ಗಣಿಗಾರಿಕೆ ಬಯಲಿಗೆಳೆದವನೊಬ್ಬನಿಗೆ ರಾತ್ರಿ ಹನ್ನೊಂದಕ್ಕೆ ಕೊಲೆ ಬೆದರಿಕೆ ಬಂತೆನ್ನಿ. ದೂರು ಪಡೆದ ಆಯೋಗದ ಗುಮಾಸ್ತ ‘ವರದಿ ಕೋರಿ’ ಎಂದು ಬರೆದು ಕಡತ ಕಟ್ಟಿಟ್ಟರೆ ಆ ಮನುಷ್ಯ ಬೆಳಗಿನವರೆಗೆ ಬದುಕಿರುತ್ತಾನೆಂಬ ಖಾತ್ರಿಯಿಲ್ಲ. ಜಿಲ್ಲೆಯ ಎಸ್‌ಪಿಗೆ ಆಗಲೇ ಫೋನ್ ಮಾಡಬೇಕು. ದೂರುದಾರನ ವಿಳಾಸ ಹೊರಗೆ ಸೋರದಂತೆ ನೋಡಿಕೊಳ್ಳಬೇಕು. ಸುಳ್ಳು ಕೇಸು ಹಾಕಿದರೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರಬೇಕು. ದೂರು ತಂದವಳು ಹೆಣ್ಣಾದರೆ, ಅವಳ ನಡತೆಗೆ ಮಸಿ ಬಳಿಯುವುದೂ ದಾಳಿಯೇ ಎಂಬ ಅರಿವಿರಬೇಕು. ಇವೆಲ್ಲ ಖಂಡಿತ ಕಲಿಸಬಹುದಾದ ಕೆಲಸಗಳು. ಹತ್ತು ಸಲ ಮಾಡಿದವನಿಗೆ ಹನ್ನೊಂದನೆಯ ಸಲ ಕೈ ನಡುಗುವುದಿಲ್ಲ. ಧೈರ್ಯದಲ್ಲಿ ಅರ್ಧ ಪಾಲು ಇಂಥ ರೂಢಿಯೇ.

ರೂಢಿಯಿಲ್ಲದ ಕಡೆ ಆದೇಶ ಏನೂ ಮಾಡದು. ಹೊಂಡುರಾಸ್‌ನಲ್ಲಿ ಲೆಂಕಾ ಬುಡಕಟ್ಟಿನ ಬೆರ್ತಾ ಕಾಸೆರೆಸ್ ತಮ್ಮ ಜನರ ನದಿಗೆ ಅಡ್ಡಲಾಗುವ ಅಣೆಕಟ್ಟೆಯ ವಿರುದ್ಧ ನಿಂತರು. ಅವರಿಗೆ ರಕ್ಷಣೆ ಕೊಡಿ ಎಂದು ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗ 2009ರಲ್ಲೇ ಸರ್ಕಾರಕ್ಕೆ ಹೇಳಿತ್ತು. 2016ರ ಮಾರ್ಚ್ 2ರ ನಡುರಾತ್ರಿ ಹಂತಕರು ಮನೆಗೆ ನುಗ್ಗಿ ಗುಂಡಿಕ್ಕಿದಾಗ ಬಾಗಿಲಲ್ಲಿ ಕಾವಲಿರಲಿಲ್ಲ.

ಧೈರ್ಯದ ಉಳಿದರ್ಧ ಪಾಲು ತರಬೇತಿಯ ಕೈಗೆ ಸಿಗುವಂಥದ್ದಲ್ಲ. ಭಾರತದ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ತನಿಖಾ ವಿಭಾಗದಲ್ಲಿ ಪೊಲೀಸ್ ಅಧಿಕಾರಿಗಳಿರಬೇಕೆಂದು 1993ರ ಕಾಯ್ದೆಯೇ ಹೇಳುತ್ತದೆ. ಇಂಥ ಸಂಸ್ಥೆಗಳ ಜಾಗತಿಕ ಒಕ್ಕೂಟ 2023ರಲ್ಲೂ 2024ರಲ್ಲೂ ಆಯೋಗದ ಮಾನ್ಯತೆಯ ನಿರ್ಧಾರವನ್ನು ಮುಂದೂಡಿದ ಕಾರಣಗಳಲ್ಲಿ ಇದೂ ಒಂದು. ಪೊಲೀಸರ ಮೇಲೆ ದೂರು ಹೊತ್ತು ಬಂದವನ ಎದುರು ಕೂತ ಅಧಿಕಾರಿ ಎಷ್ಟೇ ಸಜ್ಜನರಿರಲಿ, ಅವರೂ ಪೊಲೀಸ್ ಇಲಾಖೆಯವರೇ ಎಂದು ಗೊತ್ತಾದಾಗ ಅವನ ಬಾಯಿ ಕಟ್ಟುತ್ತದೆ. ಎಷ್ಟು ಶಿಬಿರ ನಡೆಸಿದರೂ ಈ ತೊಡಕು ಬಿಡಿಸಲಾಗದು, ಕಾಯ್ದೆ ಬದಲಾಗಬೇಕು.

ಇನ್ನು ಅಭಯ ಕೊಡುವವರ ಕೈಯನ್ನೇ ಕಟ್ಟಿಹಾಕುವ ಕಾಲವೂ ಬರುತ್ತದೆ. ಮಾದಕ ವಸ್ತು ನಿಗ್ರಹದ ಹೆಸರಿನಲ್ಲಿ ನಡೆಯುತ್ತಿದ್ದ ಹತ್ಯೆಗಳನ್ನು ಪ್ರಶ್ನಿಸಿದ ಫಿಲಿಪ್ಪೀನ್ಸ್‌ನ ಮಾನವ ಹಕ್ಕು ಆಯೋಗಕ್ಕೆ, 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೆಳಮನೆ 119–32 ಮತಗಳಿಂದ ಇಡೀ ವರ್ಷಕ್ಕೆ 1,000 ಪೆಸೊ ಮಂಜೂರು ಮಾಡಿತು. ಜನ ಸಿಟ್ಟಿಗೆದ್ದರು. ಕೆಳಮನೆ ಹಿಂದೆ ಸರಿದು ಹಣ ಮರಳಿಸಿತು. ಆ ದಿನಗಳಲ್ಲಿ ಆಯೋಗದ ಬೆನ್ನಿಗೆ ನಿಂತವರಲ್ಲಿ, ನಾಳೆ ಅದೇ ಆಯೋಗದ ರಕ್ಷಣೆ ಬೇಡಿ ಬರಬೇಕಾದ ಹಕ್ಕುಗಳ ಹೋರಾಟಗಾರರೂ ಇದ್ದರು.