ಎರಡನೆಯ ಬಾಣಕ್ಕೆ ಮುಂಚೆ

ಬಾಣ ಬಿಟ್ಟ ಮರುಕ್ಷಣ ಕ್ರಾಸ್‌ಬೋ ಹಿಡಿದವನು ನಿರಾಯುಧ. ಬಂದೂಕಿನಲ್ಲಾದರೆ ಎರಡನೆಯ ತೋಟಾ ಕಾದಿರುತ್ತದೆ. ಕೈಬಿಲ್ಲಿನವನು ಬತ್ತಳಿಕೆಗೆ ಕೈಹಾಕಿ ಕೆಲವೇ ಕ್ಷಣಗಳಲ್ಲಿ ಮತ್ತೆ ಹೆದೆ ಸೆಳೆಯಬಲ್ಲ. ಕ್ರಾಸ್‌ಬೋದ ಹೆದೆಯ ಬಿಗಿತ 150 ಪೌಂಡ್, 200 ಪೌಂಡ್. ಅದನ್ನು ಹಿಂದಕ್ಕೆಳೆದು ಕೊಂಡಿಗೆ ಕೂರಿಸಲು ನೆಲದ ಮೇಲೆ ನಿಂತವನಿಗೂ ಹೊತ್ತು ಬೇಕು. ಇನ್ನು ಅವನು ನೆಲದಿಂದ 20 ಅಡಿ ಮೇಲೆ, ಟ್ರೀ ಸ್ಯಾಡಲ್‌ನಲ್ಲಿ, ಕಾಂಡಕ್ಕೆ ಬಿಗಿದ ಹಗ್ಗಕ್ಕೆ ಮೈಭಾರ ಬಿಟ್ಟು ನಿಂತಿದ್ದರೆ? ಕೆಳಗೆ ಬಾಣ ತಗುಲಿದ ಜಿಂಕೆ ಇನ್ನೂ ಬಿದ್ದಿಲ್ಲದಿದ್ದರೆ? ಆ ಹೊತ್ತಿನಲ್ಲಿ ಅವನ ಮೇಲೆ ಯಾರ ಋಣ ಎಷ್ಟಿದೆ ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನ ಜೊತೆಗಿದೆ. ಇದು ಸಲಕರಣೆಯ ಪ್ರಶ್ನೆಯೆಂದು ಹಲವರು ತಿಳಿಯುತ್ತಾರೆ. ನನಗೆ ಇದು ಧರ್ಮದ ಪ್ರಶ್ನೆ.

ನಾನು ಕೊಡಗಿನವನು. ಈಗಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯ ಕೆಲಸ. ಊರಿನಲ್ಲಿ ಕೈಲ್‌ಪೋಳ್ದ್ ಹಬ್ಬದ ದಿನ ಕೋವಿಗಳನ್ನು ತೊಳೆದು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವುದನ್ನು ನೋಡುತ್ತ ಬೆಳೆದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಮ್ಮಲ್ಲಿ ನಿಂತುಹೋಗಿ, ಪೂಜೆಯ ಬಳಿಕ ಗುರಿಗೆ ಉಳಿದದ್ದು ತೆಂಗಿನಕಾಯಿ. ಅದು ಸರಿಯಾಗಿಯೇ ಆಯಿತು. ಉಳಿದ ಕಾಡಿಗೆ ಆ ಕಾಯ್ದೆ ಬೇಕಿತ್ತು. ಓಹಾಯೋದ ಕಥೆ ಬೇರೆ. ಇಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಮತ್ತೆ ತಂದು ಬಿಟ್ಟು ಕಾಪಾಡಿದ್ದರಿಂದ ಈಗ ಲಕ್ಷಗಟ್ಟಲೆ ಆಗಿವೆ. ಜೋಳದ ಹೊಲ, ಓಕ್ ಸಸಿ, ರಾತ್ರಿಯ ರಸ್ತೆ, ಎಲ್ಲ ಕಡೆಯೂ ಅವೇ. ಅವುಗಳನ್ನು ಹಿಡಿಯಬಲ್ಲ ತೋಳ, ಕೂಗರ್‌ಗಳನ್ನು ಮನುಷ್ಯ ಇಲ್ಲಿಂದ ಅಳಿಸಿ ಬಹಳ ಕಾಲವಾಗಿದೆ. ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿ ಆರಂಭದವರೆಗೆ ಬಿಲ್ಲಿನ ಬೇಟೆಗೆ ಪರವಾನಗಿ ಸಿಗುತ್ತದೆ. ನಾನು ಹೋಗುವುದು ರಾಜ್ಯದ ಆಗ್ನೇಯ ಭಾಗದ ಗುಡ್ಡಗಳಿಗೆ, ವೇಯ್ನ್ ರಾಷ್ಟ್ರೀಯ ಅರಣ್ಯಕ್ಕೆ. ಬಿಳಿ ಓಕ್‌ನ ಕಾಯಿ ಉದುರುವ ಜಾಗ ಹುಡುಕಿ ಮರ ಏರುತ್ತೇನೆ.

ಸ್ಯಾಡಲ್ ಎಂದರೆ ಕುದುರೆಯ ಜೀನಲ್ಲ. ಸೊಂಟ, ತೊಡೆಗಳನ್ನು ಹಿಡಿಯುವ ಬಟ್ಟೆಯ ಆಸನ. ಅದರ ಮುಂದೆ ಸೇತುವೆಯಂತೆ ಬಾಗಿದ ಹಗ್ಗ. ಆ ಹಗ್ಗವನ್ನು ಕಾಂಡಕ್ಕೆ ಸೇರಿಸುವ ಟೆದರ್, ಸುಮಾರು ನಮ್ಮ ಹಣೆಯ ಎತ್ತರಕ್ಕೆ. ಪ್ರೂಸಿಕ್ ಗಂಟನ್ನು ಸರಿಸಿ ಉದ್ದ ಹೊಂದಿಸಿಕೊಳ್ಳಬೇಕು. ಕಾಲ ಕೆಳಗೆ ಒಂದಡಿಗಿಂತ ಸ್ವಲ್ಪ ಹೆಚ್ಚು ಅಗಲದ ಲೋಹದ ಹಲಗೆ. ಮರದ ಅಟ್ಟಣೆಯಲ್ಲಿ ಕೂತವನಿಗೆ ಹಗ್ಗ ನೆನಪಾಗುವುದು ಬಿದ್ದಾಗ. ಸ್ಯಾಡಲ್‌ನಲ್ಲಿ ನಿಂತವನು ಪ್ರತಿ ಉಸಿರನ್ನೂ ಹಗ್ಗದ ಮೇಲೇ ಬಿಡುತ್ತಾನೆ. ಮುಖ ಮರದ ಕಡೆಗೆ, ಬೆನ್ನು ಬಯಲಿಗೆ. ಈ ನಿಲುವೇ ನನಗೆ ಇದನ್ನು ಹತ್ತಿರದ್ದಾಗಿಸಿತು. ಇಲ್ಲಿ ನಾನೂ ಜೀವ ಕೈಯಲ್ಲಿ ಹಿಡಿದಿದ್ದೇನೆ ಎಂಬುದು ಮರೆಯುವುದಿಲ್ಲ.

ಕ್ರಾಸ್‌ಬೋಗೆ ಈ ನಿಲುವು ಒಗ್ಗುವುದಿಲ್ಲ. ಹೆದೆ ಏರಿಸಲು ಅದರ ಮೂತಿಯ ಕಾಲುಕೊಂಡಿಯನ್ನು ನೆಲಕ್ಕೊತ್ತಿ, ಪಾದದಿಂದ ಮೆಟ್ಟಿ, ಹಗ್ಗದ ಎರಡು ಹಿಡಿಗಳನ್ನು ಸಮನಾಗಿ ಮೇಲಕ್ಕೆಳೆಯಬೇಕು. ಮರದ ಮೇಲೆ ನೆಲವೆಲ್ಲಿದೆ? ಎರಡೂ ಕೈಯಿಂದ ಎಳೆಯುವಾಗ ಮೈ ತೂಕ ತಪ್ಪುತ್ತದೆ, ಟೆದರ್ ಸಡಿಲಾಗುತ್ತದೆ, ಕಾಲುಕೊಂಡಿ ಹಲಗೆಯ ಅಂಚಿನಿಂದ ಜಾರುತ್ತದೆ. ಅದಕ್ಕೇ ಮೊದಲ ಹೆದೆಯನ್ನು ನೆಲದಲ್ಲೇ ಏರಿಸಿ, ಬಾಣ ಇಡದೆ, ಸೇಫ್ಟಿ ಹಾಕಿ, ಬಿಲ್ಲನ್ನು ಹಗ್ಗದಲ್ಲಿ ಮೇಲಕ್ಕೆ ಸೇದಿಕೊಳ್ಳುವುದು. ಎರಡನೆಯ ಸಲಕ್ಕೆ ನಾನು ಹಗ್ಗದ ಹಿಡಿಯನ್ನು ಮುಟ್ಟುವುದಿಲ್ಲ. ಕ್ರ್ಯಾಂಕ್ ಇರುವ ಬಿಲ್ಲನ್ನೇ ಇಟ್ಟುಕೊಂಡಿದ್ದೇನೆ.

ಆಗಿನ ಕ್ರಮ ಹೀಗೆ. ಮೊದಲು ಕೈ ಹೋಗಬೇಕಾದ್ದು ಟೆದರ್‌ಗೆ, ಬಿಲ್ಲಿಗಲ್ಲ: ಗಂಟು ಬಿಗಿಯಾಗಿದೆಯೇ, ಮೈಭಾರ ಪೂರ್ತಿ ಹಗ್ಗದ ಮೇಲಿದೆಯೇ ಎಂದು ನೋಡಬೇಕು. ಬಿಲ್ಲು ಮರಕ್ಕೆ ಕಟ್ಟಿದ ಇನ್ನೊಂದು ಹಗ್ಗದಲ್ಲಿ ನೇತಾಡುತ್ತಿರಬೇಕು. ಕೈ ಜಾರಿದರೂ ನೆಲಕ್ಕೆ ಬೀಳಬಾರದು. ಕ್ರ್ಯಾಂಕ್‌ನ ಕೊಕ್ಕೆಗಳನ್ನು ಹೆದೆಯ ಎರಡೂ ಬದಿ ಸಮವಾಗಿ ಸಿಕ್ಕಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಬಾಣ ಗುರಿ ಬಿಟ್ಟು ಹೋಗುತ್ತದೆ. ಕ್ರ್ಯಾಂಕ್ ತಿರುಗಿಸಿ, ಹೆದೆ ಕೊಂಡಿಗೆ ಕೂತ ಸದ್ದು ಕೇಳಿ, ಸೇಫ್ಟಿ ತಾನಾಗಿ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ, ಕೊಕ್ಕೆ ಬಿಡಿಸಬೇಕು. ಆಮೇಲೆ ಬಾಣ. ಅದರ ಮೂರು ಗರಿಗಳಲ್ಲಿ ಬಣ್ಣ ಬೇರೆಯಿರುವುದು ಕೆಳಗಿನ ಹಳಿಯ ತೋಡಿಗೆ ಬರುವಂತೆ ಇಟ್ಟು, ಹಿಂಬದಿ ಹೆದೆಗೆ ತಾಗುವವರೆಗೆ ದೂಡಬೇಕು. ಸಂದು ಉಳಿದರೆ ಹೆದೆ ಬಾಣವನ್ನು ದೂಡದೆ ಬಡಿಯುತ್ತದೆ; ಬಿಲ್ಲೇ ಒಡೆದು ಚೂರಾಗಬಹುದು. ಮುಂದಿನ ಕೈಯ ಹೆಬ್ಬೆರಳು ಹಳಿಯ ಮಟ್ಟದಿಂದ ಕೆಳಗೇ ಇರಬೇಕು, ಇಲ್ಲದಿದ್ದರೆ ಹೆದೆ ಅದನ್ನು ಕೊಂಡೊಯ್ಯುತ್ತದೆ. ಬಿಲ್ಲಿನ ರೆಕ್ಕೆಗಳು ಬಿಚ್ಚಿಕೊಳ್ಳುವ ದಾರಿಯಲ್ಲಿ ಕಾಂಡ, ಕೊಂಬೆ, ನನ್ನ ಟೆದರ್ ಯಾವುದೂ ಅಡ್ಡ ಬರಬಾರದು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬಾಣದ ಅಲಗು. ಬತ್ತಳಿಕೆಯಿಂದ ಹಳಿಗೆ ಬರುವ ದಾರಿಯಲ್ಲಿ ಅದು ನನ್ನ ಎದೆಯ ಮುಂದಿನ ಹಗ್ಗದ ಪಕ್ಕದಲ್ಲೇ ಹಾದುಹೋಗುತ್ತದೆ. ಜಿಂಕೆಯ ಪಕ್ಕೆಲುಬಿನ ನಡುವೆ ಇಳಿಯುವಷ್ಟು ಹರಿತವಾದದ್ದು ಬಿಗಿದು ನಿಂತ ಹಗ್ಗವನ್ನು ಬಿಡುತ್ತದೆಯೇ?

ಇಷ್ಟಕ್ಕೂ ಸಮಯ ಬೇಕು. ಆ ಸಮಯದಲ್ಲಿ ಮನಸ್ಸು ಒಂದೇ ಮಾತು ಹೇಳುತ್ತಿರುತ್ತದೆ: ಬೇಗ, ಅದು ನರಳುತ್ತಿದೆ. ಈ ಅವಸರಕ್ಕೆ ಕರುಣೆಯ ಮುಖವಿದೆ. ನನ್ನ ವಾದವಿರುವುದು ಇಲ್ಲಿಯೇ. ಆ ಅವಸರ ಬಹುಪಾಲು ಕರುಣೆಯಲ್ಲ. ತಾನು ಮಾಡಿದ್ದನ್ನು ನೋಡಲಾಗದೆ ಮನಸ್ಸು ಅದನ್ನು ಮುಗಿಸಿಬಿಡಲು ತವಕಿಸುತ್ತದೆ. ಕರುಣೆ ಇರುವುದು ಜಿಂಕೆಯ ಕಡೆಗೆ. ತವಕ ಇರುವುದು ನನ್ನ ಕಡೆಗೆ. ಎರಡನ್ನೂ ಬಿಡಿಸಿ ನೋಡಲು ಸುಲಭದ ಪರೀಕ್ಷೆಯೊಂದಿದೆ: ಜಿಂಕೆಗೆ ಈಗ ನಿಜಕ್ಕೂ ಏನು ಒಳ್ಳೆಯದು ಎಂದು ಕೇಳಿಕೊಳ್ಳುವುದು.

ಅದಕ್ಕೆ ಉತ್ತರ ಎಷ್ಟೋ ಸಲ ಸುಮ್ಮನಿರುವುದು. ಶ್ವಾಸಕೋಶಕ್ಕೆ ಸರಿಯಾಗಿ ನಾಟಿದ್ದರೆ ಜಿಂಕೆ ಸಾಮಾನ್ಯವಾಗಿ ನೂರು ಗಜದೊಳಗೆ, ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ; ಬಾಣದ ಮೇಲೆ ನೊರೆಗಟ್ಟಿದ ತಿಳಿಗೆಂಪು ರಕ್ತವಿರುತ್ತದೆ. ಯಕೃತ್ತಿಗೆ ತಗುಲಿದ್ದರೆ ರಕ್ತ ಕಡುಗೆಂಪು; ನಾಲ್ಕು ಗಂಟೆಯಾದರೂ ಕಾಯಬೇಕು. ಹಸಿರು ಕಲೆ, ಹೊಟ್ಟೆಯ ವಾಸನೆ ಇದ್ದರೆ ಎಂಟು, ಹನ್ನೆರಡು ಗಂಟೆ. ಬೆನ್ನಟ್ಟದಿದ್ದರೆ ಅದು ಹತ್ತಿರದ ಪೊದೆಯಲ್ಲೇ ಮಲಗಿ ಅಲ್ಲಿಯೇ ಸಾಯುತ್ತದೆ. ಬೆನ್ನಟ್ಟಿದರೆ ಮೈಲುಗಟ್ಟಲೆ ಓಡಿ, ಯಾರಿಗೂ ಸಿಗದೆ, ಹೆಚ್ಚು ನೋವುಂಡು ಸಾಯುತ್ತದೆ. ಎರಡನೆಯ ಬಾಣ ಧರ್ಮವಾಗುವುದು ಜಿಂಕೆ ಇನ್ನೂ ಕಣ್ಣೆದುರು, ಹತ್ತಿರದಲ್ಲಿ, ನಿಂತೋ ಬಿದ್ದೋ ಇರುವಾಗ ಮಾತ್ರ. ಆಗಲೂ ಮೊದಲ ಕೈ ಟೆದರ್‌ಗೇ ಹೋಗಬೇಕು. ನಾನು ಬಿದ್ದು ಸೊಂಟ ಮುರಿದುಕೊಂಡರೆ ಆ ಗಾಯಗೊಂಡ ಪ್ರಾಣಿಯ ಹಿಂದೆ ಹೋಗುವವರು ಯಾರು? ನನ್ನ ಜೀವವನ್ನು ಕಾಯ್ದುಕೊಳ್ಳುವುದೂ ಅದರ ಋಣದ ಒಂದು ಭಾಗ.

ಈ ವಿಷಯವನ್ನು ನಾನು ಸುದೀರ್ಘವಾಗಿ ಚರ್ಚಿಸಿದ್ದು ಮೂಡುಬಿದಿರೆ ಕಡೆಯ ಜೈನ ಹಿರಿಯರೊಬ್ಬರ ಜೊತೆ. ಮಗನ ಮನೆಗೆಂದು ಕೊಲಂಬಸ್‌ಗೆ ಬಂದಿದ್ದವರು. ಬೇಟೆಯ ಮಾತು ಬಂದಾಗ ಎದ್ದು ಹೋಗುತ್ತಾರೆಂದುಕೊಂಡಿದ್ದೆ. ಹೋಗಲಿಲ್ಲ, ಕೇಳಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಬರಿಯ ಪ್ರಾಣಹರಣವೆಂದು ಹೇಳದೆ, ಪ್ರಮಾದದಿಂದ ಕೂಡಿದ ನಡೆಯಿಂದಾಗುವ ಪ್ರಾಣಹರಣವೆಂದು ಹೇಳಿದೆ ಎಂದು ವಿವರಿಸಿದರು. ಮುನಿಗಳ ಐದು ಸಮಿತಿಗಳಲ್ಲಿ ಒಂದು ಆದಾನ-ನಿಕ್ಷೇಪಣ: ಕಮಂಡಲವಿರಲಿ, ಶಾಸ್ತ್ರವಿರಲಿ, ಯಾವುದನ್ನೇ ಎತ್ತುವಾಗ, ಇಡುವಾಗ ನೋಡಿ, ನವಿಲುಗರಿಯ ಪಿಂಛಿಯಿಂದ ಮೆಲ್ಲನೆ ಸವರಿ ಎತ್ತಬೇಕು, ಇಡಬೇಕು. ಅಲ್ಲಿ ಕಾಣದ ಒಂದು ಇರುವೆ ಇರಬಹುದು. ಇರುವೆ ಇಲ್ಲದಿದ್ದರೂ, ನೋಡದೆ ಇಟ್ಟವನಲ್ಲಿ ಹಿಂಸೆ ಆಗಲೇ ಹುಟ್ಟಿದೆ.

ಈ ಮಾತು ನನ್ನ ಮೇಲೆ ಮಾಡಿದ ಪರಿಣಾಮವನ್ನು ಹೇಳಲು ನಾನು ಸಂಕೋಚಪಡುವುದಿಲ್ಲ. ಅಂದಿನಿಂದ ಮರದ ಮೇಲೆ ಕೊಕ್ಕೆ ಸಿಕ್ಕಿಸುವುದು, ಬಾಣ ತೆಗೆಯುವುದು, ಅಲಗನ್ನು ಹಗ್ಗದಿಂದ ದೂರ ಸಾಗಿಸುವುದು ಇವೆಲ್ಲ ನನಗೆ ಸುರಕ್ಷತೆಯ ನಿಯಮವಾಗಿ ಮಾತ್ರ ಉಳಿದಿಲ್ಲ. ಅವಸರದಲ್ಲಿ ಹೆದೆ ಏರಿಸಿ, ಏನೂ ಆಗದೆ ಪಾರಾಗಿ ಬಂದವನು ತಪ್ಪು ಮಾಡಿಲ್ಲ ಎಂದು ನಾನು ಮೊದಲು ತಿಳಿದಿದ್ದೆ. ಆ ಹಿರಿಯರ ದರ್ಶನದಲ್ಲಿ ಅಂಥ ರಿಯಾಯಿತಿ ಇಲ್ಲ.

ಆದರೆ ಅವರು ನನ್ನನ್ನು ಅಷ್ಟಕ್ಕೇ ಬಿಡಲೂ ಇಲ್ಲ. ಗೃಹಸ್ಥನಿಗೆ ಅಡುಗೆ, ಬೇಸಾಯ, ಕಸುಬು, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯನ್ನು ಅವರ ಧರ್ಮ ಅರ್ಥಮಾಡಿಕೊಳ್ಳುತ್ತದೆ. ಕೊಲ್ಲಬೇಕೆಂದು ಸಂಕಲ್ಪಿಸಿ ಕೊಲ್ಲುವುದನ್ನು ಒಪ್ಪುವುದಿಲ್ಲ. ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಇಷ್ಟು ಎಚ್ಚರವಿರುವವನು ಮರ ಏರುವ ಮೊದಲೇ ಏಕೆ ಎಚ್ಚರಗೊಳ್ಳಬಾರದು ಎಂದು ಕೇಳಿದರು. ನಾನು ಜಿಂಕೆಗಳ ಸಂಖ್ಯೆ ಹೇಳಿದೆ, ನಾಶವಾಗುತ್ತಿರುವ ಓಕ್ ಸಸಿಗಳ ಬಗ್ಗೆ ಹೇಳಿದೆ, ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ, ಯಾರೋ ಕೊಂದದ್ದನ್ನು ಪೊಟ್ಟಣದಲ್ಲಿ ಕೊಳ್ಳುವುದಕ್ಕಿಂತ ಕಣ್ಣೆದುರು ಹೊಣೆ ಹೊರುವುದು ಮೇಲು ಎಂದೆ. ಇವು ನಿಜವಾದ ಕಾರಣಗಳು. ಅವರ ಪ್ರಶ್ನೆಯನ್ನು ಪೂರ್ತಿಯಾಗಿ ಮುಚ್ಚುವಷ್ಟು ದೊಡ್ಡವಲ್ಲ.

ಎಚ್ಚರದ ಇನ್ನೊಂದು ಮುಖ ಕಾಲದ್ದು. ಮಹಾಭಾರತದ ಪಾಂಡುವಿಗೆ ಶಾಪ ಬಂದದ್ದು ಬೇಟೆಯಾಡಿದ್ದಕ್ಕಲ್ಲ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯ ದೂರು, ಕೂಡುವ ಹೊತ್ತಿನಲ್ಲಿ ಹೊಡೆದೆ ಎಂಬುದು. ಓಹಾಯೋದಲ್ಲಿ ಬಿಳಿಬಾಲದ ಜಿಂಕೆಗಳು ಕೂಡುವ ಕಾಲ ನವೆಂಬರ್ ನಡುಭಾಗ. ಗಂಡು ಮೈಮರೆತು ಹಗಲಲ್ಲೇ ಹೆಣ್ಣಿನ ಹಿಂದೆ ಓಡುವುದರಿಂದ ಬೇಟೆಗಾರರು ರಜೆ ಹಾಕಿ ಕಾಡಿಗೆ ಹೋಗುವುದೂ ಆಗಲೇ. ಕಾನೂನು ಅದನ್ನು ತಡೆಯುವುದಿಲ್ಲ. ನಾನು ಜೋಡಿಯಾಗಿ ಬಂದವುಗಳ ಮೇಲೆ ಬಾಣ ಬಿಡುವುದಿಲ್ಲ. ಆದಿಪರ್ವದ ಆ ವಾದದಲ್ಲಿ ಪಾಂಡು ರಾಜಧರ್ಮದ ಹೆಸರಿನಲ್ಲಿ ಹೇಳಿದ್ದೆಲ್ಲ ನನಗೆ ಪೊಳ್ಳಾಗಿ ಕೇಳಿಸುತ್ತದೆ.

ಕ್ರಾಸ್‌ಬೋದ ಮೇಲೆ ಧರ್ಮಪೀಠವೇ ಮಾತಾಡಿದ ಚರಿತ್ರೆಯೂ ಇದೆ. 1139ರಲ್ಲಿ ಎರಡನೆಯ ಇನ್ನೊಸೆಂಟ್ ಪೋಪ್ ರೋಮಿನಲ್ಲಿ ಕರೆದ ಎರಡನೆಯ ಲ್ಯಾಟರನ್ ಸಭೆ, ಕ್ರೈಸ್ತರ ವಿರುದ್ಧ ಕ್ರಾಸ್‌ಬೋ ಮತ್ತು ಬಿಲ್ಲುಗಾರರನ್ನು ಬಳಸುವುದನ್ನು ನಿಷೇಧಿಸಿತು. ಯಾರೂ ಕೇಳಲಿಲ್ಲ. 1199ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್, ಫ್ರಾನ್ಸಿನ ಶಾಲೂ ಕೋಟೆಯ ಮುಂದೆ ಕ್ರಾಸ್‌ಬೋ ಬಾಣ ಭುಜಕ್ಕೆ ನಾಟಿ, ಗಾಯ ಕೊಳೆತು ಸತ್ತ. ಆ ನಿಷೇಧದ ಹಿಂದಿದ್ದ ರಾಜಕೀಯ ಏನೇ ಇರಲಿ, ಅದರಲ್ಲೊಂದು ಭಯವನ್ನು ನಾನು ಗುರುತಿಸುತ್ತೇನೆ. ಕೈಬಿಲ್ಲಿನವನ ತೋಳು ನಡುಗುತ್ತದೆ. ಹೆದೆ ಹಿಡಿದಿರುವಷ್ಟು ಹೊತ್ತೂ ಕೊಲ್ಲುವ ಶಕ್ತಿ ಅವನ ಸ್ನಾಯುವಿನಲ್ಲಿರುತ್ತದೆ. ಕ್ರಾಸ್‌ಬೋ ಆ ಶಕ್ತಿಯನ್ನು ಯಂತ್ರದಲ್ಲಿ ಕೂಡಿಟ್ಟು, ಮನುಷ್ಯನಿಗೆ ಒಂದು ಬೆರಳಿನ ಕೆಲಸವನ್ನಷ್ಟೇ ಉಳಿಸುತ್ತದೆ. ಮತ್ತೆ ಹೆದೆ ಏರಿಸುವಾಗ ಮಾತ್ರ ಆ ಭಾರ ಕೈಗೆ ಮರಳುತ್ತದೆ. ಕ್ರ್ಯಾಂಕ್‌ನ ಒಂದೊಂದು ಸುತ್ತಿನಲ್ಲೂ, ಈಗಷ್ಟೇ ಒಂದು ಜೀವದ ಮೇಲೆ ಬಿಟ್ಟ ಬಲ ಎಷ್ಟೆಂದು ಮೊಣಕೈಗೆ ಗೊತ್ತಾಗುತ್ತದೆ. ಹಾಗಾಗಿ ಈ ನಿಧಾನವನ್ನು ಕ್ರಾಸ್‌ಬೋದ ಕೊರತೆ ಎನ್ನುವವರನ್ನು ನಾನು ಒಪ್ಪುವುದಿಲ್ಲ.

ಈಗ ನಾನು ಕೊಡಗಿನಿಂದಲೇ ಬಂದ ಒಬ್ಬ ತರುಣನಿಗೆ ಕಲಿಸುತ್ತಿದ್ದೇನೆ. ಹಿತ್ತಲ ಮೇಪಲ್ ಮರದಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ ಸ್ಯಾಡಲ್ ಕಟ್ಟಿ, ಅಲಗಿಲ್ಲದ ಬಾಣದಿಂದ ಅಭ್ಯಾಸ. ಬಾಣವಿಲ್ಲದೆ ಹೆದೆ ಬಿಡಬಾರದಾದ್ದರಿಂದ ಪ್ರತಿಸಲವೂ ಗುರಿಹಲಗೆಗೆ ಹೊಡೆದೇ ಹೆದೆ ಇಳಿಸಬೇಕು. ಕೈಲ್‌ಪೋಳ್ದ್‌ನಲ್ಲಿ ಹಿರಿಯರು ಕೋವಿಯನ್ನು ಕಿರಿಯರ ಕೈಗಿಡುವಾಗ ಬುದ್ಧಿಮಾತು ಹೇಳುವ ವಾಡಿಕೆಯಿದೆ. ಅವನಿಗೆ ಬಿಲ್ಲು ಕೊಡುವಾಗ ನಾನು ಟೆದರ್ ತೋರಿಸುತ್ತೇನೆ. ಅವನೊಮ್ಮೆ ಕೇಳಿದ: ನಾನು ಇಷ್ಟು ನಿಧಾನವಾಗಿ ಕ್ರ್ಯಾಂಕ್ ತಿರುಗಿಸುವಷ್ಟರಲ್ಲಿ ಜಿಂಕೆ ಮರೆಯಾದರೆ? ಮರೆಯಾಗಲಿ ಎಂದೆ. ಕೊನೆಯ ಸಲ ಕಂಡ ಮರವನ್ನು ಗುರುತಿಟ್ಟುಕೊ. ಬಿಲ್ಲಿನಿಂದ ಬಾಣ ತೆಗೆದು, ಬಿಲ್ಲನ್ನು ಹಗ್ಗದಲ್ಲಿ ಇಳಿಸಿ, ಆಮೇಲೆ ನೀನು ಇಳಿ. ಬಾಣ ಹುಡುಕು, ಅದರ ಮೇಲಿನ ಬಣ್ಣ ನೋಡು, ಎಷ್ಟು ಗಂಟೆ ಎಂದು ಅದು ಹೇಳುತ್ತದೆ. ಓಹಾಯೋದಲ್ಲಿ ಗಾಯಗೊಂಡ ಜಿಂಕೆಯ ಜಾಡು ಹಿಡಿಯಲು ಹಗ್ಗ ಕಟ್ಟಿದ ನಾಯಿಯನ್ನು ಬಳಸಬಹುದು. ಅಂಥ ನಾಯಿ ಇರುವವರ ಫೋನ್ ನಂಬರ್ ಬೇಟೆಗೆ ಮುಂಚೆಯೇ ನಿನ್ನ ಜೇಬಿನಲ್ಲಿರಲಿ. ಜಾಡು ಯಾರದ್ದಾದರೂ ಹೊಲಕ್ಕೆ ದಾಟಿದರೆ ಬಾಗಿಲು ತಟ್ಟಿ ಅನುಮತಿ ಕೇಳು, ರಾತ್ರಿಯಾದರೂ ಸರಿ.

ಅಷ್ಟಾದರೂ ಸಿಗದಿದ್ದರೆ ಎಂದು ಕೇಳಿದ. ಸಿಗದ ಜಿಂಕೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ. ಅದು ಆ ವರ್ಷದ ನನ್ನ ಜಿಂಕೆ. ಅಲ್ಲಿಗೆ ನನ್ನ ಬೇಟೆ ಮುಗಿಯುತ್ತದೆ, ಫೆಬ್ರುವರಿಗೆ ಇನ್ನೂ ಎಷ್ಟೇ ವಾರಗಳಿರಲಿ. ಅವನು ಇದಕ್ಕೆ ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ಅವನನ್ನು ಹಿತ್ತಲ ಮರದಿಂದ ಕಾಡಿಗೆ ಕರೆದೊಯ್ಯುವುದಿಲ್ಲ ಎಂದು ಹೇಳಿದ್ದೇನೆ.